ನಳಿಗೆಗೆ ಒಪ್ಪುವ ತೋಟಾ

(ಚಿತ್ರದುರ್ಗದಲ್ಲಿ ಎನ್‌ಸಿಸಿ ಕೆಡೆಟ್‌ಗಳು ಮತ್ತು ರೈಫಲ್ ಶೂಟಿಂಗ್ ಕಲಿಯುತ್ತಿರುವವರ ಮುಂದೆ ನಿವೃತ್ತ ಸೇನಾ ಆರ್ಮರರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹುಡುಗ ನನ್ನನ್ನು ನಿಲ್ಲಿಸಿ ಕೇಳಿದ: "ಸರ್, ಸಾವಿರ ಗಜಕ್ಕೆ ಎಲ್ಲಕ್ಕಿಂತ ಒಳ್ಳೆ ರೈಫಲ್ ಯಾವುದು?" ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಕೋವಿ ಬಿಚ್ಚೋದು, ಒರೆಸೋದು, ಅಳೆಯೋದು, ಜೋಡಿಸಿ ಮತ್ತೆ ಜವಾನರ ಕೈಗೆ ಕೊಡೋದು, ಇದೇ ನನ್ನ ಕೆಲಸ. ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲ ನಾನು ತಿರುಗಿ ಕೇಳೋದು ಒಂದೇ: "ಯಾವ ತೋಟಾ ಹಾಕ್ತೀಯಪ್ಪ?" ಆಗ ಎದುರಿನವರು ಸುಮ್ಮನಾಗುತ್ತಾರೆ. ತೋಟಾ ಅಂಗಡಿಯಲ್ಲಿ ಸಿಗುತ್ತದೆ, ಕೋವಿಯನ್ನು ಮಾತ್ರ ಆರಿಸಬೇಕು ಅಂತ ಅವರು ಅಂದುಕೊಂಡಿರುತ್ತಾರೆ. ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟೇ: ದೂರದ ಗುರಿಗೆ ಹೊಡೆಯೋದು ಕೋವಿ ಒಂದೇ ಅಲ್ಲ, ತೋಟಾ ಒಂದೇ ಅಲ್ಲ. ಎರಡೂ ಸೇರಿದ ಜೋಡಿ. ಜೋಡಿ ಕೂಡದಿದ್ದರೆ ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ.

ನೀವೆಲ್ಲ ಕೋಟೆ ಹತ್ತಿದವರು. ಮೇಲೆ ಮದ್ದು ಬೀಸುವ ಕಲ್ಲುಗಳಿವೆ, ನೋಡಿದ್ದೀರಿ ಅಲ್ವಾ? ಅಷ್ಟು ದೊಡ್ಡ ಬೀಸುಕಲ್ಲು ಇಟ್ಟುಕೊಂಡು ಮದ್ದು ಅರೆಯುತ್ತಿದ್ದ ಊರು ನಮ್ಮದು. ಆ ಕಾಲದಲ್ಲಿ ಮದ್ದು ಬೇರೆ, ಗುಂಡು ಬೇರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಉದ್ದ ಕಂಬಿಯಿಂದ ಜಡಿಯಬೇಕಿತ್ತು. ಎಷ್ಟೋ ಕೋವಿಗಳ ಜೊತೆಗೇ ಗುಂಡು ಎರೆಯುವ ಅಚ್ಚು ಬರುತ್ತಿತ್ತು. ಆ ನಳಿಗೆಗೆ ಆ ಅಚ್ಚು. ಪಕ್ಕದವನ ಅಚ್ಚಿನ ಗುಂಡು ಇದರಲ್ಲಿ ಸಿಕ್ಕಿಕೊಳ್ಳಬಹುದು, ಇಲ್ಲವೇ ಸಡಿಲವಾಗಿ ಉರುಳಬಹುದು. ಹಾಗಾಗಿ ಕೋವಿಗೂ ಗುಂಡಿಗೂ ಹೊಂದಿಕೆ ನೋಡಬೇಕು ಅನ್ನೋದು ಆಗಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತೋಟಾ ಬಂದ ಮೇಲೆ ನಾವು ಅದನ್ನು ಮರೆತೆವು.

ತೋಟಾ ಅಂದರೆ ನಾಲ್ಕು ವಸ್ತು ಒಂದೇ ಕಟ್ಟಿನಲ್ಲಿ. ಹೊರಗೆ ಹಿತ್ತಾಳೆಯ ಕೊಳವೆ, ಸೇನೆಯಲ್ಲಿ ನಾವು ಇದನ್ನು ಖೋಖಾ ಅಂತೀವಿ. ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು. ಒಳಗೆ ಮದ್ದು. ಮೂತಿಯಲ್ಲಿ ಗುಂಡು. ಗುರಿಯ ತನಕ ಹೋಗೋದು ಗುಂಡು ಮಾತ್ರ. ಉಳಿದ ಮೂರರ ಕೆಲಸ ನಳಿಗೆಯ ತುದಿಗೆ ಮುಗಿಯಿತು. ಅದಕ್ಕೇ ನಾನು ಆರಿಸುವ ಕೆಲಸವನ್ನು ಗುರಿಯಿಂದ ಶುರುಮಾಡಿ ಹಿಂದಕ್ಕೆ ಬರುತ್ತೇನೆ. ಮೊದಲು ದೂರ, ಆಮೇಲೆ ಗುಂಡು, ಆಮೇಲೆ ಆ ಗುಂಡಿಗೆ ತಕ್ಕ ಖೋಖಾ, ಕೊನೆಗೆ ಅದನ್ನು ಹಾರಿಸುವ ಕೋವಿ. ಅಂಗಡಿಯಲ್ಲಿ ನಡೆಯೋದು ಇದರ ಉಲ್ಟಾ.

ದೂರ ಅಂದರೆ ಎಷ್ಟು? ಎನ್‌ಸಿಸಿಯಲ್ಲಿ ನೀವು .22 ರೈಫಲ್ (ಈ ಅಂಕಿ ಗುಂಡಿನ ಸುಮಾರು ದಪ್ಪ, ಇಂಚಿನಲ್ಲಿ) ಹಿಡಿದು 25 ಗಜಕ್ಕೆ ಹೊಡೆಯುತ್ತೀರಿ. ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ 10 ಮೀಟರ್, .22 ರೈಫಲ್ 50 ಮೀಟರ್. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ 50 ಮೀಟರಿನಲ್ಲೇ. ಅದಾದ ಮೇಲೆ 300 ಮೀಟರ್ ಇದೆ. 1972ರ ತನಕ ಅದೂ ಒಲಿಂಪಿಕ್ಸ್‌ನಲ್ಲಿತ್ತು, ಈಗ ವಿಶ್ವ ಚಾಂಪಿಯನ್‌ಷಿಪ್‌ನಂಥ ಪಂದ್ಯಗಳಲ್ಲಿ ಮಾತ್ರ. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 100 ಮಿಲಿಮೀಟರ್, ಚಿಕ್ಕ ಚಹಾ ಸಾಸರಿಗಿಂತ ಕಡಿಮೆ. ಆಮೇಲೆ ಸಾವಿರ ಗಜ, ಅಂದರೆ 914 ಮೀಟರ್. 300 ಮೀಟರಿಗೆ ಬೇಕಾದ ತೋಟಾ ಬೇರೆ, ಸಾವಿರ ಗಜಕ್ಕೆ ಬೇಕಾದದ್ದೇ ಬೇರೆ. 300ರಲ್ಲಿ ತಣ್ಣಗೆ, ಒದೆಯದೆ ಕೂರುವ ಸಣ್ಣ 6 ಮಿಲಿಮೀಟರ್ ಗುಂಡು ಸಾಕು. ಸಾವಿರದಲ್ಲಿ ನಿಮ್ಮ ಎದುರಾಳಿ ಗಾಳಿ.

ಗಾಳಿಯ ವಿಷಯ ದುರ್ಗದವರಿಗೆ ನಾನೇನು ಹೇಳಲಿ? ಹೊರಗೆ ಹೋಗಿ ತಲೆ ಎತ್ತಿದರೆ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರ ತಿರುಗುತ್ತಿರುತ್ತವೆ. ಆಷಾಢದಲ್ಲಿ ಇಲ್ಲಿ ಛತ್ರಿ ಹಿಡಿದರೆ ಕಡ್ಡಿ ಮಾತ್ರ ಕೈಯಲ್ಲಿ ಉಳಿಯುತ್ತದೆ. ಗುಂಡು ಸಾವಿರ ಗಜ ಹೋಗಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟು ಹೊತ್ತೂ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ.

ಕಣದಲ್ಲಿ ತೂರೋದು ನೆನಪಿಸಿಕೊಳ್ಳಿ. ಈಗಿನ ಹುಡುಗರಿಗೆ ಯಂತ್ರವೇ ಗೊತ್ತು, ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಮೊರದಲ್ಲಿ ತುಂಬಿ, ಎತ್ತರಕ್ಕೆ ಹಿಡಿದು, ಗಾಳಿಗೆ ಅಡ್ಡವಾಗಿ ಬಿಡುತ್ತಿದ್ದರು. ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತಿತ್ತು. ಜೊಳ್ಳು ಮಾರು ದೂರ ಹಾರುತ್ತಿತ್ತು. ಹೊಟ್ಟು ಬೇಲಿ ದಾಟುತ್ತಿತ್ತು. ಗಾಳಿ ಒಂದೇ, ಬಿಟ್ಟ ಎತ್ತರ ಒಂದೇ, ಬಿದ್ದ ಜಾಗ ಮಾತ್ರ ಬೇರೆ. ಗುಂಡಿಗೂ ಇದೇ ಲೆಕ್ಕ. ಅಗಲಕ್ಕೆ ಹೋಲಿಸಿದರೆ ತೂಕ ಜಾಸ್ತಿ ಇರಬೇಕು, ಮೂತಿ ಚೂಪಾಗಿ ಗಾಳಿ ಸೀಳುವಂತಿರಬೇಕು, ಬಾಲ ದೋಣಿಯ ಹಿಂಭಾಗದ ಹಾಗೆ ಒಳಸರಿದಿರಬೇಕು. ಈ ಎಲ್ಲವನ್ನೂ ಸೇರಿಸಿ ಒಂದು ಅಂಕಿ ಕೊಡುತ್ತಾರೆ, ಅದಕ್ಕೆ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್ ಅಂತ ಹೆಸರು. ಪೆಟ್ಟಿಗೆಯ ಮೇಲೆ ಬಿ.ಸಿ. ಅಂತ ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಗಟ್ಟಿ ಕಾಳು.

ಎರಡು ತೋಟಾ ಪಕ್ಕಪಕ್ಕ ಇಟ್ಟು ನೋಡೋಣ. ಒಂದು .308 ವಿಂಚೆಸ್ಟರ್. 1952ರಲ್ಲಿ ಬಂತು, ನಮ್ಮ ಸೇನೆಯ ಹಳೆಯ ರೈಫಲ್ ಎಸ್‌ಎಲ್‌ಆರ್‌ನ 7.62 ಮಿಲಿಮೀಟರ್ ತೋಟಾದ ಅಣ್ಣ. ಇದರಲ್ಲಿ 175 ಗ್ರೇನ್ ಗುಂಡು ಸೆಕೆಂಡಿಗೆ 2600 ಅಡಿ ವೇಗದಲ್ಲಿ ಹೊರಡುತ್ತದೆ. ಇನ್ನೊಂದು 6.5 ಕ್ರೀಡ್‌ಮೂರ್, ಇಲ್ಲಿ ಅಂಕಿ ಮಿಲಿಮೀಟರಿನದು. ಹಾರ್ನಡಿ ಕಂಪನಿ 2007ರಲ್ಲಿ ತಂದದ್ದು. 140 ಗ್ರೇನ್ ಗುಂಡು, 2700 ಅಡಿ ವೇಗ. ವೇಗದಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ. ಆದರೆ ಅಡ್ಡಗಾಳಿ ಗಂಟೆಗೆ 16 ಕಿಲೋಮೀಟರ್ ಬೀಸುತ್ತಿದ್ದರೆ, ಸಾವಿರ ಗಜದಲ್ಲಿ .308ರ ಗುಂಡು ಸುಮಾರು 2.3 ಮೀಟರ್ ಪಕ್ಕಕ್ಕೆ ಹೋಗುತ್ತದೆ. 6.5 ಸುಮಾರು 1.6 ಮೀಟರ್. ಹಗುರ ಗುಂಡು ಕಡಿಮೆ ಸರಿಯಿತು! ಯಾಕೆ? ಅದು ತೆಳ್ಳಗೆ ಉದ್ದಗಿದೆ, ಗಾಳಿಗೆ ಎದೆ ಒಡ್ಡುವುದಿಲ್ಲ. ಬರೀ ತೂಕ ನೋಡಿ ಮೋಸ ಹೋಗಬೇಡಿ ಅಂತ ನಾನು ಹೇಳೋದು ಇದಕ್ಕೇ.

ಗ್ರೇನ್ ಅಂದೆ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ, ಇದು ಇಂಗ್ಲಿಷರ ಊರಿನ ಕಾಳಿನ ತೂಕ. ಒಂದು ಗ್ರೇನ್ ಅಂದರೆ 0.0648 ಗ್ರಾಂ. 140 ಗ್ರೇನ್ ಅಂದರೆ ಒಂಬತ್ತು ಗ್ರಾಂ ಅಷ್ಟೇ.

ಕ್ರೀಡ್‌ಮೂರ್ ಅನ್ನೋ ಹೆಸರಿನ ಕಥೆಯೂ ಚೆನ್ನಾಗಿದೆ, ಹೇಳಿಬಿಡುತ್ತೇನೆ. ಅಮೆರಿಕದ ನ್ಯೂಯಾರ್ಕ್ ಹತ್ತಿರ ಕ್ರೀಡ್ ಅನ್ನೋ ಮನೆತನದ ಹೊಲ ಇತ್ತು. ಅದನ್ನು ಕೊಂಡು ರೈಫಲ್ ರೇಂಜು ಮಾಡಿದರು. 1874ರಲ್ಲಿ ಅಲ್ಲಿ ಐರ್ಲೆಂಡಿನ ತಂಡಕ್ಕೂ ಅಮೆರಿಕದ ತಂಡಕ್ಕೂ 800, 900, 1000 ಗಜದ ಪಂದ್ಯ ನಡೆಯಿತು. ಐರಿಷರು ಬಾಯಿಂದ ಮದ್ದು ತುಂಬುವ ಕೋವಿ ತಂದಿದ್ದರು, ಅಮೆರಿಕದವರು ಹಿಂಬದಿಯಿಂದ ತೋಟಾ ಹಾಕುವ ಕೋವಿ. 934ಕ್ಕೆ 931. ಮೂರೇ ಅಂಕದಲ್ಲಿ ತೋಟಾ ಕೋವಿ ಗೆದ್ದಿತು. ಮೂರು ಅಂಕದ ಅಂತರ ನೋಡಿ, ಹಳೆಯ ಕೋವಿಯವರು ತಮ್ಮ ಗುಂಡನ್ನು ತಮ್ಮ ನಳಿಗೆಗೆ ಎಷ್ಟು ಚೆನ್ನಾಗಿ ಹೊಂದಿಸಿಕೊಂಡಿರಬೇಕು!

ಸರಿ, ಗುಂಡು ಆರಿಸಿದಿರಿ. ಉದ್ದ, ತೆಳ್ಳಗೆ, ಚೂಪು ಮೂತಿ. ಈಗ ನಳಿಗೆ ಏನು ಹೇಳುತ್ತದೆ ಕೇಳಬೇಕು.

(ಇಲ್ಲಿ ಮೇಜಿನ ಮೇಲೆ ಎರಡು ಬುಗುರಿ ಆಡಿಸಿ ತೋರಿಸಲಾಯಿತು.)

ಈ ಗಿಡ್ಡ ಬುಗುರಿ ನೋಡಿ. ಚಾಟಿಯನ್ನು ಮೆಲ್ಲಗೆ ಎಳೆದರೂ ನಿಂತು ತಿರುಗುತ್ತದೆ. ಈ ಉದ್ದನೆಯದನ್ನು ನೋಡಿ. ಅಷ್ಟೇ ಮೆಲ್ಲಗೆ ಎಳೆದೆ, ತಲೆ ಅಲ್ಲಾಡಿಸಿ ಮಲಗಿತು. ಈಗ ಜೋರಾಗಿ ಎಳೆಯುತ್ತೇನೆ. ನಿಂತಿತು. ಗುಂಡು ಗಾಳಿಯಲ್ಲಿ ಮೂತಿ ಮುಂದೆ ಮಾಡಿಕೊಂಡು ಹೋಗುವುದು ಬುಗುರಿಯ ಹಾಗೆ ತಿರುಗುವುದರಿಂದ. ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ, ಅವೇ ಚಾಟಿ. ಎಷ್ಟು ಇಂಚು ಹೋದರೆ ಗುಂಡು ಒಂದು ಸುತ್ತು ತಿರುಗುತ್ತದೆ ಅನ್ನೋದಕ್ಕೆ ಟ್ವಿಸ್ಟ್ ಅಂತಾರೆ. ಒಂದಕ್ಕೆ ಹನ್ನೆರಡು ಅಂದರೆ ಹನ್ನೆರಡು ಇಂಚಿಗೆ ಒಂದು ಸುತ್ತು. ಒಂದಕ್ಕೆ ಎಂಟು ಅಂದರೆ ಇನ್ನೂ ಬಿಗಿ ಸುರುಳಿ, ಜೋರು ಚಾಟಿ. 2700 ಅಡಿ ವೇಗದ ಗುಂಡು ಎಂಟಿಂಚಿನ ಸುರುಳಿಯಿಂದ ಹೊರಬಿದ್ದರೆ ಸೆಕೆಂಡಿಗೆ 4050 ಸುತ್ತು. ನೀವೇ ಲೆಕ್ಕ ಹಾಕಿ, 2700ನ್ನು 12ರಿಂದ ಗುಣಿಸಿ 8ರಿಂದ ಭಾಗಿಸಿ.

ಯಾವ ಗುಂಡಿಗೆ ಎಷ್ಟು ಬಿಗಿ ಬೇಕು ಅನ್ನೋದಕ್ಕೆ 1879ರಲ್ಲೇ ಇಂಗ್ಲೆಂಡಿನ ಗ್ರೀನ್‌ಹಿಲ್ ಅನ್ನುವ ಗಣಿತದ ಮೇಷ್ಟ್ರು ಒಂದು ಸೂತ್ರ ಕೊಟ್ಟರು. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ. 1.1 ಇಂಚು ಉದ್ದದ .308 ಗುಂಡಿಗೆ ಸುಮಾರು 13 ಬರುತ್ತದೆ. 1.4 ಇಂಚು ಉದ್ದದ 6.5 ಗುಂಡಿಗೆ ಏಳೂವರೆ. ಈ ಸೂತ್ರ ಆ ಕಾಲದ ಕಡಿಮೆ ವೇಗಕ್ಕೆ ಬರೆದದ್ದು, ಹಾಗಾಗಿ ಸ್ವಲ್ಪ ಜಾಸ್ತಿ ಬಿಗಿ ಹೇಳುತ್ತದೆ. 6.5 ಕ್ರೀಡ್‌ಮೂರ್ ರೈಫಲ್‌ಗಳು ಎಂಟಿಂಚಿನ ಸುರುಳಿಯಲ್ಲಿ ಬರುತ್ತವೆ, ಸರಿಯಾಗಿ ಕೆಲಸ ಮಾಡುತ್ತವೆ. ಸೂತ್ರದಲ್ಲಿ ಗಮನಿಸಿ, ತೂಕ ಅನ್ನೋ ಮಾತೇ ಇಲ್ಲ. ಉದ್ದವೇ ಮುಖ್ಯ. ಒಂದೇ ತೂಕದ ಎರಡು ಗುಂಡಲ್ಲಿ ಒಂದು ಉದ್ದ ಇದ್ದರೆ ಅದಕ್ಕೆ ಬಿಗಿ ಸುರುಳಿ ಬೇಕು.

ಹೊಂದದಿದ್ದರೆ ಏನಾಗುತ್ತದೆ? ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಘಟಕದಲ್ಲಿ ಸಡಿಲ ಸುರುಳಿಯ ರೈಫಲ್‌ಗೆ ಯಾರೋ ಉದ್ದನೆಯ ಭಾರದ ಗುಂಡಿನ ತೋಟಾ ತಂದು ಹಾಕಿದ್ದರು. ಗುರಿಹಲಗೆ ನೋಡೋಕೆ ಹೋದೆವು. ಕಾಗದದಲ್ಲಿ ದುಂಡನೆಯ ತೂತಿರಬೇಕಾದ ಕಡೆ ಬೀಗದ ಕೈ ತೂತಿನ ಹಾಗೆ ಉದ್ದ ಸೀಳು. ಗುಂಡು ಪಕ್ಕಕ್ಕೆ ಮಲಗಿಕೊಂಡು ಬಂದು ಬಡಿದಿತ್ತು. ಆ ಅಚ್ಚು ಕಾಗದದ ಮೇಲೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಗುಂಡಿನ ಮೂತಿ ಯಾವ ಕಡೆ, ಬಾಲ ಯಾವ ಕಡೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಹೊಡೆದ ಹುಡುಗ ತನ್ನ ಕೈ ಸರಿಯಿಲ್ಲ ಅಂತ ಅಳುಮುಖ ಮಾಡಿಕೊಂಡಿದ್ದ. ಅವನ ತಪ್ಪು ಎಳ್ಳಷ್ಟೂ ಇರಲಿಲ್ಲ.

ದೊಡ್ಡ ದೊಡ್ಡ ಸೇನೆಗಳೂ ಇದರಲ್ಲಿ ಎಡವಿವೆ. ಅಮೆರಿಕದ ಎಂ-16 ರೈಫಲ್ ಮೊದಲು ಹದಿನಾಲ್ಕು ಇಂಚಿನ ಸುರುಳಿಯಲ್ಲಿ ಬಂತು. ಕೊರೆಯುವ ಚಳಿಯ ಜಾಗದಲ್ಲಿ ಹೊಡೆದು ನೋಡಿದಾಗ ಗುಂಡು ತೂರಾಡಿತು. ತಣ್ಣನೆ ಗಾಳಿ ದಟ್ಟ, ಅದನ್ನು ಸೀಳಿಕೊಂಡು ನೆಟ್ಟಗೆ ಹೋಗಲು ತಿರುಗು ಸಾಲಲಿಲ್ಲ. ಹನ್ನೆರಡಕ್ಕೆ ಬಿಗಿ ಮಾಡಿದರು. ಮುಂದೆ ಉದ್ದನೆಯ ಗುಂಡು ಬಂದಾಗ ಏಳಕ್ಕೆ ಇಳಿಸಿದರು. ನಮ್ಮ ಸೇನೆಯಲ್ಲೂ ಇದ್ದ ಡ್ರಾಗುನೋವ್ ಕಥೆ ಇನ್ನೂ ಒಳ್ಳೆ ಪಾಠ. ರಷ್ಯನ್ನರು ಆ ಸ್ನೈಪರ್ ರೈಫಲ್ ಅನ್ನು ಮೊದಲು 320 ಮಿಲಿಮೀಟರ್ ಸುರುಳಿಯಲ್ಲಿ ಮಾಡಿದ್ದರು. ಅದಕ್ಕೆಂದೇ ಮಾಡಿದ ಸ್ನೈಪರ್ ತೋಟಾಕ್ಕೆ ಅದು ಚೆನ್ನಾಗಿ ಒಪ್ಪಿತ್ತು. ಆಮೇಲೆ ಕವಚ ಭೇದಿಸುವ ಉದ್ದ ಗುಂಡೂ ಇದರಲ್ಲೇ ಹೋಗಬೇಕು ಅಂತ 240ಕ್ಕೆ ಬಿಗಿ ಮಾಡಿದರು. ಹೊಸ ಗುಂಡು ನೆಟ್ಟಗಾಯಿತು, ಹಳೆಯ ಸ್ನೈಪರ್ ತೋಟಾದ ನಿಖರತೆ ಕುಗ್ಗಿತು. ಒಂದು ನಳಿಗೆ ಎಲ್ಲ ಗುಂಡಿಗೂ ಅಷ್ಟೇ ಪ್ರೀತಿ ತೋರಿಸುವುದಿಲ್ಲ.

ಇನ್ನು ಚೇಂಬರ್. ತೋಟಾ ಹೋಗಿ ಕೂರುವ ಗೂಡು. ಇಲ್ಲಿ ಕೂತವರಲ್ಲಿ ಹರಿಹರದ ಕಡೆಯವರು ಇದ್ದೀರಾ? ಒಂದು ಕಾಲದಲ್ಲಿ ಹರಿಹರದ ಕಿರ್ಲೋಸ್ಕರ್ ಲೇತ್ ಅಂದರೆ ದೇಶವೆಲ್ಲ ಹೆಸರು. ಆ ಕಾರ್ಖಾನೆಯಲ್ಲಿ ದುಡಿದವರ ಮನೆಯ ಮಕ್ಕಳಿಗೆ 'ಥೌ' ಅಂದರೆ ಏನು ಅಂತ ಗೊತ್ತಿರುತ್ತದೆ. ಇಂಚಿನ ಸಾವಿರದ ಒಂದು ಭಾಗ. ಚೇಂಬರಿನ ಕೆಲಸ ಪೂರ್ತಿ ಈ ಥೌ ಲೆಕ್ಕದ್ದು. ಗೂಡನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡಿಗೆ ಬೋಲ್ಟ್ ಅಂತಾರೆ. ಅದರ ಮುಖದಿಂದ, ತೋಟಾ ಇನ್ನೂ ಮುಂದೆ ಹೋಗದಂತೆ ಗೂಡು ತಡೆಯುವ ಜಾಗದ ತನಕದ ಅಳತೆಗೆ ಹೆಡ್‌ಸ್ಪೇಸ್ ಅಂತಾರೆ. ಅದು ಕೆಲವೇ ಥೌ ಹೆಚ್ಚಾದರೂ ಖೋಖಾ ಹಿಗ್ಗುತ್ತದೆ. ಆರ್ಮರರ್ ಹತ್ತಿರ ಎರಡು ಉಕ್ಕಿನ ಗೇಜು ಇರುತ್ತವೆ, ಗೋ ಮತ್ತು ನೋ-ಗೋ. ಗೋ ಹಾಕಿದರೆ ಬೋಲ್ಟ್ ಮುಚ್ಚಬೇಕು, ನೋ-ಗೋ ಹಾಕಿದರೆ ಮುಚ್ಚಬಾರದು. ಇಷ್ಟೇ ಪರೀಕ್ಷೆ.

ಈ ಎರಡು ಖಾಲಿ ಖೋಖಾ ಕೈಯಿಂದ ಕೈಗೆ ದಾಟಿಸಿ, ಬೆಳಕಿಗೆ ಹಿಡಿದು ನೋಡಿ. ಒಂದು ಪೂರ್ತಿ ಒಂದೇ ಬಣ್ಣ. ಇನ್ನೊಂದರಲ್ಲಿ ಬುಡದಿಂದ ಒಂದು ಬೆರಳಗಲ ಮೇಲೆ ಸುತ್ತಲೂ ಹೊಳೆಯುವ ಒಂದು ಗೆರೆ ಕಾಣುತ್ತದೆ, ಬಳೆ ತೊಡಿಸಿದ ಹಾಗೆ. ಉಗುರಿನಿಂದ ಸವರಿ. ಅಲ್ಲಿ ಹಿತ್ತಾಳೆ ಒಳಗಿಂದ ತೆಳುವಾಗಿದೆ. ಆ ಖೋಖಾವನ್ನು ಮತ್ತೆ ತುಂಬಿಸಿ ಹೊಡೆದರೆ ಅದು ಅಲ್ಲೇ ಎರಡು ತುಂಡಾಗುತ್ತದೆ, ಬೆಂಕಿ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಬರುತ್ತದೆ. ಚೇಂಬರ್ ಸಡಿಲ ಇದ್ದ ಕೋವಿಯಿಂದ ಬಂದ ಖೋಖಾ ಇದು. ನಿಖರತೆ ಆಮೇಲಿನ ಮಾತು, ಮೊದಲು ಕಣ್ಣು ಉಳಿಯಬೇಕು.

ಹಾಗಾಗಿ ನಳಿಗೆಯ ಮೇಲೆ ಕೊರೆದ ಹೆಸರೂ ತೋಟಾದ ಬುಡದಲ್ಲಿ ಒತ್ತಿದ ಹೆಸರೂ ಒಂದೇ ಇರಬೇಕು. 'ಹತ್ತಿರ ಹತ್ತಿರ' ಅನ್ನೋದು ಇಲ್ಲ. .308 ವಿಂಚೆಸ್ಟರ್, 7.62 ಗುಣಿಸು 51 ಎರಡೂ ನೋಡೋಕೆ ಅವಳಿ ಜವಳಿ, ಆದರೆ ಚೇಂಬರಿನ ಅಳತೆಯ ಮಿತಿ ಬೇರೆ. .300 ಬ್ಲ್ಯಾಕ್‌ಔಟ್ ಅನ್ನೋ ತೋಟಾವನ್ನು .223 ರೈಫಲ್‌ಗೆ ತಪ್ಪಿ ಹಾಕಿ ಕೋವಿ ಸಿಡಿದ ಘಟನೆಗಳು ಹೊರದೇಶಗಳಲ್ಲಿ ಆಗಿವೆ. ಎರಡರ ಖೋಖಾ ಬುಡ ಒಂದೇ ಗಾತ್ರ, ಗುಂಡು ಮಾತ್ರ ದಪ್ಪ. ದಪ್ಪ ಗುಂಡು ತೆಳು ನಳಿಗೆಯಲ್ಲಿ ಹೇಗೆ ಹೋದೀತು?

ಗೂಡು ಸರಿ ಇದ್ದರೆ ಸಾಲದು, ಮ್ಯಾಗಜಿನ್, ಅಂದರೆ ಕೋವಿಯಲ್ಲಿ ತೋಟಾ ತುಂಬಿಡುವ ಡಬ್ಬಿ, ಅದರ ಉದ್ದವನ್ನೂ ನೋಡಬೇಕು. ಬಹಳ ಜನ ಮರೆಯುವ ಜಾಗ ಇದು. 1997ರಲ್ಲಿ .260 ರೆಮಿಂಗ್ಟನ್ ಅಂತ ಒಂದು ತೋಟಾ ಬಂತು. ಅದೂ 6.5 ಮಿಲಿಮೀಟರ್ ಗುಂಡಿನದೇ. ಖೋಖಾ 2.035 ಇಂಚು ಉದ್ದ. ಉದ್ದನೆಯ ಗುಂಡು ಹಾಕಿದರೆ ತೋಟಾ ಮ್ಯಾಗಜಿನ್‌ಗಿಂತ ಉದ್ದವಾಗುತ್ತಿತ್ತು. ಮ್ಯಾಗಜಿನ್‌ಗೆ ಹಿಡಿಸಲು ಗುಂಡನ್ನು ಒಳಕ್ಕೆ ಒತ್ತಿದರೆ ಅದು ಮದ್ದಿನ ಜಾಗ ತಿನ್ನುತ್ತಿತ್ತು. ಕ್ರೀಡ್‌ಮೂರ್ ಮಾಡಿದವರು ಖೋಖಾವನ್ನೇ 1.92 ಇಂಚಿಗೆ ಗಿಡ್ಡ ಮಾಡಿದರು. ಗುಂಡು ಹೊರಗೆ ಕೂತಿತು, ಮದ್ದಿಗೆ ಜಾಗ ಉಳಿಯಿತು, ಮಾಮೂಲಿ ಮ್ಯಾಗಜಿನ್‌ಗೂ ಹಿಡಿಯಿತು. ಹತ್ತು ವರ್ಷ ಮೊದಲೇ ಬಂದ ತೋಟಾ ಹಿಂದೆ ಬಿದ್ದು ಇದು ಮುಂದೆ ಹೋದದ್ದಕ್ಕೆ ಈ ಹೊಂದಾಣಿಕೆ ಒಂದು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಗುಂಡು, ಖೋಖಾ, ಸುರುಳಿ, ಮ್ಯಾಗಜಿನ್ ಎಲ್ಲವನ್ನೂ ಒಟ್ಟಿಗೆ ಕೂತು ಯೋಚಿಸಿ ಮಾಡಿದ್ದು ಅದು.

"ಹಾಗಾದರೆ ದೊಡ್ಡ ಮ್ಯಾಗ್ನಮ್ ತಗೊಂಡುಬಿಡೋಣ, ಎಲ್ಲಾ ತಾಪತ್ರಯ ಮುಗೀತು" ಅನ್ನೋರು ಇದ್ದಾರೆ. ಮ್ಯಾಗ್ನಮ್ ಅಂದರೆ ಮದ್ದು ಜಾಸ್ತಿ ಹಿಡಿಯುವ ದೊಡ್ಡ ತೋಟಾ. .300 ವಿಂಚೆಸ್ಟರ್ ಮ್ಯಾಗ್ನಮ್ ಒಳ್ಳೆ ತೋಟಾ, 1963ರಿಂದ ಇದೆ. .338 ಲಾಪುವಾ ಸಾವಿರ ಗಜ ದಾಟಿದ ದೂರಕ್ಕೆಂದೇ ಹುಟ್ಟಿದ್ದು. ಆದರೆ .300ರಲ್ಲಿ ಹಳೆಯ 190 ಗ್ರೇನ್ ಗುಂಡು ಹಾಕಿದರೆ ಗಾಳಿಯ ವಿಷಯದಲ್ಲಿ ಅದು ಸಣ್ಣ 6.5ಕ್ಕಿಂತ ಮೇಲೇನಲ್ಲ. ಮದ್ದು ಎಷ್ಟೋ ಜಾಸ್ತಿ, ಭುಜಕ್ಕೆ ಒದೆತ ಜಾಸ್ತಿ. ಹತ್ತು ಈಡು ಹೊಡೆಯುವಷ್ಟರಲ್ಲಿ ದೇಹವೇ ಮುಂಚಿತವಾಗಿ ಹೆದರಿ ಕಣ್ಣು ಮುಚ್ಚಲು ಶುರುಮಾಡುತ್ತದೆ. ಆ ಅಭ್ಯಾಸ ಅಂಟಿಕೊಂಡರೆ ಬಿಡಿಸೋದು ಬಹಳ ಕಷ್ಟ, ಒಳ್ಳೊಳ್ಳೆ ಗುರಿಕಾರರು ಇದರಿಂದ ಹಾಳಾಗಿದ್ದನ್ನು ಕಂಡು ಸಂಕಟಪಟ್ಟಿದ್ದೇನೆ. ನಳಿಗೆಯ ಗಂಟಲೂ ಬೇಗ ಸುಟ್ಟುಹೋಗುತ್ತದೆ. .308 ನಳಿಗೆ ಐದು ಸಾವಿರ ಈಡಿನ ತನಕವೂ ಬಾಳುತ್ತದೆ. 6.5 ಕ್ರೀಡ್‌ಮೂರ್ ಎರಡೂವರೆ, ಮೂರು ಸಾವಿರಕ್ಕೆ ನಿಖರತೆ ಕಳೆದುಕೊಳ್ಳುತ್ತದೆ. ಮ್ಯಾಗ್ನಮ್‌ಗಳು ಅದಕ್ಕಿಂತ ಬೇಗ. ಕಲಿಯುವವರಿಗೆ ನಾನು .308 ಹೇಳೋದು ಇದೇ ಕಾರಣಕ್ಕೆ. ಗಾಳಿಯಲ್ಲಿ ಜಾಸ್ತಿ ಸರಿಯುತ್ತದೆ, ನಿಜ. ಹಾಗೆ ಸರಿಯುವುದರಿಂದಲೇ ಗಾಳಿ ಓದಲು ಕಲಿಯುತ್ತೀರಿ.

ಶಬ್ದದ ವೇಗದ ಬಗ್ಗೆ ಎರಡು ಮಾತು. ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಡುತ್ತದೆ, ಹೋಗ್ತಾ ಹೋಗ್ತಾ ನಿಧಾನವಾಗುತ್ತದೆ. ಸೆಕೆಂಡಿಗೆ 340 ಮೀಟರ್ ಆಸುಪಾಸಿಗೆ ಇಳಿಯುವಾಗ ಕೆಲವು ಗುಂಡು ತಲೆ ಅಲ್ಲಾಡಿಸುತ್ತವೆ. .308ರ ಹೆಸರಾಂತ 168 ಗ್ರೇನ್ ಮ್ಯಾಚ್ ಗುಂಡು ಹೀಗೇ. 300 ಮೀಟರ್ ಪಂದ್ಯಕ್ಕೆ ಮಾಡಿದ್ದು, ಅಲ್ಲಿ ಅದು ಚಿನ್ನ. ಸಾವಿರ ಗಜದ ಹತ್ತಿರ ಹೋದರೆ ಚದುರುತ್ತದೆ. ಅದೇ ಕೋವಿಗೆ 175 ಗ್ರೇನ್ ಹಾಕಿದರೆ ಸಾವಿರ ಗಜ ಮುಟ್ಟುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ, ಬೇಸಿಗೆಯಲ್ಲಿ ಬಿಸಿಲೂ ಜೋರು. ಗಾಳಿ ತೆಳುವಾಗಿರುವುದರಿಂದ ಗುಂಡಿಗೆ ಸ್ವಲ್ಪ ಅನುಕೂಲ. ಆದರೆ ಬಿಸಿಲಲ್ಲಿ ಕಾದ ಮದ್ದು ಜಾಸ್ತಿ ಒತ್ತಡ ಕೊಡುತ್ತದೆ. ತೋಟಾದ ಪೆಟ್ಟಿಗೆಯನ್ನು ನೆರಳಲ್ಲಿಡಿ, ಜೀಪಿನ ಬಾನೆಟ್ ಮೇಲೆ ಇಡಬೇಡಿ.

ಇಷ್ಟೆಲ್ಲ ಲೆಕ್ಕ ಮಾಡಿ ಹೊಂದಿಸಿದ ಮೇಲೂ ಕೊನೆಯ ಮಾತು ಕಾಗದದ್ದು. .22 ಹೊಡೆಯುವವರು ಇದನ್ನು ಇವತ್ತೇ ಮಾಡಬಹುದು, ಸಾವಿರ ಗಜದ ರೇಂಜು ಬೇಕಿಲ್ಲ. ಈಲಿ, ಲಾಪುವಾ, ಆರ್‌ಡಬ್ಲ್ಯುಎಸ್, ಯಾವುದೇ ಪೆಟ್ಟಿಗೆ ತೆಗೆದುಕೊಳ್ಳಿ, ಅದರ ಮೇಲೆ ಲಾಟ್ ನಂಬರ್ ಇರುತ್ತದೆ. ಒಂದೇ ಸಲ ಒಂದೇ ಯಂತ್ರದಲ್ಲಿ ಬಂದ ಕಂತು ಅಂತ ಅರ್ಥ. ದೊಡ್ಡ ಸ್ಪರ್ಧಿಗಳು ಕಂಪನಿಯ ಪರೀಕ್ಷಾ ರೇಂಜಿಗೆ ತಮ್ಮ ರೈಫಲ್ ಒಯ್ದು, ಹಿಡಿಕೆಯಲ್ಲಿ ಬಿಗಿದು, ಲಾಟ್ ಲಾಟ್ ಹೊಡೆದು ನೋಡಿ, ಒಪ್ಪಿದ ಲಾಟನ್ನು ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. 50 ಮೀಟರಿನಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್ ಮಾತ್ರ ಅಲ್ವಾ, ಅದಕ್ಕೆ.

ನಾನೊಮ್ಮೆ ಒಬ್ಬ ಹುಡುಗಿಯ ರೈಫಲ್‌ಗೆ ಈ ಪರೀಕ್ಷೆ ಮಾಡಿದೆ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬೆಲೆ, ಎರಡು ಲಾಟ್. ನಳಿಗೆಯನ್ನು ಒರೆಸಿ, ಪ್ರತಿ ಲಾಟಿಗೂ ಮೊದಲು ಹದಿನೈದು ಈಡು ಸುಮ್ನೆ ಹೊಡೆಸಿದೆ. .22 ಗುಂಡಿನ ಮೇಲಿನ ಮೇಣದ ಲೇಪ ನಳಿಗೆಗೆ ಹೊಸದಾಗಿ ಹತ್ತಿಕೊಳ್ಳಬೇಕು, ಅಲ್ಲಿಯ ತನಕದ ಫಲಿತಾಂಶ ನಂಬಬಾರದು. ಆಮೇಲೆ ಹತ್ತತ್ತು ಈಡಿನ ಗುಂಪು. ಐದು ಸಾಲದು, ಐದರಲ್ಲಿ ಅದೃಷ್ಟವೂ ಸೇರಿರುತ್ತದೆ. ಮೊದಲ ಲಾಟಿನ ಹತ್ತು ತೂತನ್ನೂ ಒಂದು ರೂಪಾಯಿ ನಾಣ್ಯ ಮುಚ್ಚಿತು. ಎರಡನೆಯದಕ್ಕೆ ನಾಣ್ಯ ಇಟ್ಟರೆ ನಾಲ್ಕು ತೂತು ಹೊರಗೆ. ಆ ಹುಡುಗಿ ಆರು ತಿಂಗಳಿಂದ ತನ್ನ ಉಸಿರು ಸರಿಯಿಲ್ಲ, ಬೆರಳು ಸರಿಯಿಲ್ಲ ಅಂತ ತಿದ್ದಿಕೊಳ್ಳುತ್ತಾ ಇದ್ದಳು. ಆ ನಾಣ್ಯವನ್ನು ಕೈಯಲ್ಲಿ ಹಿಡಿದು ಅವಳು ಎಷ್ಟು ಹೊತ್ತು ನೋಡಿದಳು ಅಂತೀರಿ! ಅದೇ ಎರಡನೆಯ ಲಾಟನ್ನು ಇನ್ನೊಬ್ಬನ ರೈಫಲ್‌ನಲ್ಲಿ ಹಾಕಿದರೆ ಅಲ್ಲಿ ಚೆನ್ನಾಗಿಯೇ ಕೂತಿತು. ತೋಟಾ ಕೆಟ್ಟದ್ದಲ್ಲ, ಆ ನಳಿಗೆಗೆ ಒಪ್ಪಲಿಲ್ಲ ಅಷ್ಟೇ.

ದೂರದ ರೈಫಲ್‌ನಲ್ಲಿ ಗುಂಪಿನ ಜೊತೆ ವೇಗವನ್ನೂ ಅಳೆಯಬೇಕು. ಕ್ರೋನೋಗ್ರಾಫ್ ಅನ್ನೋ ಯಂತ್ರ ಇದೆ. ನೂರು ಮೀಟರಿನಲ್ಲಿ ಒಂದೇ ತೂತಿನಲ್ಲಿ ಹೋದ ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 30 ಅಡಿ ವ್ಯತ್ಯಾಸ ಇದ್ದರೆ, ಸಾವಿರ ಗಜದಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ಹತ್ತಿರದಲ್ಲಿ ಕಾಣದ ದೋಷ ದೂರದಲ್ಲಿ ಕಾಣುತ್ತದೆ. ಪ್ರತಿ ಸಲ ಲಾಟ್ ನಂಬರ್, ಬಿಸಿಲು, ಗಾಳಿ, ಗುಂಪಿನ ಅಳತೆ ಬರೆದಿಡಿ. ನನ್ನ ಹಳೆಯ ನೋಟ್‌ಬುಕ್ ಈಗಲೂ ಇದೆ, ಎಣ್ಣೆ ಕಲೆ ಬಿದ್ದು ಹಾಳೆ ಪಾರದರ್ಶಕ ಆಗಿವೆ, ಆದರೂ ಓದಬಹುದು.

ನಮ್ಮ ಕಡೆ ಇದೆಲ್ಲ ಎಷ್ಟು ಸಾಧ್ಯ ಅಂತ ಕೇಳುತ್ತೀರಿ. ಸಾವಿರ ಗಜದ ರೇಂಜು ಸಾಮಾನ್ಯ ನಾಗರಿಕರಿಗೆ ಸಿಗೋದು ಬಹಳ ಅಪರೂಪ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, .303ರಂಥ ಸೇನೆಯ ಬೋರುಗಳು ನಿಷೇಧದ ಪಟ್ಟಿಯಲ್ಲಿವೆ. ನಾಗರಿಕರಿಗೆ ಅಂತ ಸರ್ಕಾರಿ ಕಾರ್ಖಾನೆ .315 ರೈಫಲ್ ಮಾಡಿದ್ದು ಅದಕ್ಕೇ. ಹಾಗಾಗಿ ಏರ್ ರೈಫಲ್‌ನಿಂದ ಶುರುಮಾಡಿ, .22ಕ್ಕೆ ಬನ್ನಿ, ಅಲ್ಲಿಂದ ಮುಂದೆ ಸೇನೆಗೋ ಕ್ರೀಡೆಗೋ ಹೋಗುವವರಿಗೆ ದೂರದ ದಾರಿ ತೆರೆಯುತ್ತದೆ. ಹೊಲದಲ್ಲಿ, ಕಾಡಂಚಿನಲ್ಲಿ ಗುರಿ ಇಟ್ಟು ಹೊಡೆಯೋದು ಬೇಡವೇ ಬೇಡ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಒಂದು ಅಭಯಾರಣ್ಯ ಇದೆ. ನಾಲ್ಕು ಕೊಂಬಿನ ಆ ಪುಟ್ಟ ಜೀವ ಉಳಿದಿರೋದು ನಮ್ಮ ಭಾಗ್ಯ. ಹಾರಿದ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ, ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಕೋವಿಯ ಕುದುರೆ (ಟ್ರಿಗರ್) ಎಳೆಯಬಾರದು.

ಕೊನೆಗೆ ಒಂದು ಚೀಟಿ ಬಂದಿದೆ, ಹೊಳಲ್ಕೆರೆ ಕಡೆಯ ರೈತರೊಬ್ಬರದು. ಬೆಳೆ ಕಾಯಲು ಲೈಸೆನ್ಸ್ ಇರುವ ಅಜ್ಜನ ಕಾಲದ ಜೋಡುನಳಿಗೆ 12 ಬೋರ್ ಕೋವಿ ಇದೆ, ಈಗ ಅಂಗಡಿಯಲ್ಲಿ ಸಿಗುವ ತೋಟಾ ಹಾಕಬಹುದಾ ಅಂತ ಕೇಳಿದ್ದಾರೆ. ಇದು ದೂರದ ಗುರಿಯ ಪ್ರಶ್ನೆ ಅಲ್ಲ, ಆದರೆ ಇವತ್ತಿನ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಯಜಮಾನರೇ, ನಳಿಗೆ ಮಡಚಿ, ಖಾಲಿ ಇದೆಯೇ ಅಂತ ಎರಡು ಸಲ ನೋಡಿ. ಆಮೇಲೆ ನಳಿಗೆಯ ಅಡಿಭಾಗದಲ್ಲಿ ಕೊರೆದದ್ದನ್ನು ಓದಿ. ಹಳೆಯ ಇಂಗ್ಲಿಷ್ ಕೋವಿಗಳ ಚೇಂಬರ್ ಎಷ್ಟೋ ಸಲ ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್ ಇರುತ್ತದೆ. ಈಗಿನ ತೋಟಾ ಹೆಚ್ಚಾಗಿ 70. ಮೋಸ ಎಲ್ಲಿ ಅಂದರೆ, ಆ 70 ಅನ್ನೋದು ಹಾರಿಸಿದ ಮೇಲೆ ಮಡಿಕೆ ಬಿಚ್ಚಿಕೊಂಡ ಉದ್ದ. ಹಾರಿಸುವ ಮುಂಚೆ ಅದು ಗಿಡ್ಡ ಇರುತ್ತದೆ, ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ. ಇನ್ನೊಂದು, ಮನೆಯಲ್ಲಿ 20 ಬೋರಿನ ಹಳದಿ ತೋಟಾ ಒಂದಾದರೂ ಇದ್ದರೆ ಇವತ್ತೇ ಬೇರೆ ಮಾಡಿ ಇಡಿ. ಅದು 12 ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಕೂರುತ್ತದೆ, ಕಾಣುವುದಿಲ್ಲ. ಖಾಲಿ ಅಂದುಕೊಂಡು ಹಿಂದೆ ಇನ್ನೊಂದು ಹಾಕಿ ಹೊಡೆದರೆ ಎಡಗೈ ಇರುವ ಜಾಗದಲ್ಲೇ ನಳಿಗೆ ಸಿಡಿಯುತ್ತದೆ. ಅದಕ್ಕೇ ಅದಕ್ಕೆ ಹಳದಿ ಬಣ್ಣ ಕೊಟ್ಟಿರೋದು. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಚೇಂಬರ್ ಅಳೆಯುವ ಗೇಜು ಇರುತ್ತದೆ, ಐದು ನಿಮಿಷದ ಕೆಲಸ. ನೀವು ಹೋಗುವ ದಿನ ನನಗೆ ತಿಳಿಸಿ, ನಾನೂ ಬಂದು ನೋಡುತ್ತೇನೆ. ಅಲ್ಲಿಯ ತನಕ ಆ ಕೋವಿಗೆ ಒಂದೂ ತೋಟಾ ಹಾಕಬೇಡಿ.